ಹೋಟೆಲ್ ಮೆಟ್ಟಿಲ ಮೇಲೆ ಕುಳಿತ ನಮ್ಮತ್ತೆ

ಹೋದ ಬೇಸಿಗೆಯ ಮಾತು. ಎರಡನೇ ಬೆಳೆಯ ಭತ್ತ ಕೊಯ್ದಾಗಿತ್ತು, ಕಾಲುವೆಗೆ ನೀರು ನಿಲ್ಲಿಸಿದ್ದರು, ಮಕ್ಕಳಿಗೆ ರಜೆ. ನಮ್ಮ ಮೆಟ್ರಿಯಲ್ಲಿ ಎಲ್ಲರ ಕೈಯೂ ಒಟ್ಟಿಗೆ ಬಿಡುವಾಗುವುದು ಆ ದಿನಗಳಲ್ಲಿ ಮಾತ್ರ. ಆಗಲೇ ನಾವು ಜೀವನದಲ್ಲಿ ಮೊದಲ ಸಲ ಹೋಟೆಲ್‌ನಲ್ಲಿ ರೂಮು ಹಿಡಿದು ಪ್ರವಾಸ ಮಾಡಿದೆವು. ಎಲ್ಲಿಗೆ ಎಂದು ಕೇಳಿದರೆ ನೀವು ನಗುತ್ತೀರಿ. ಹೊಸಪೇಟೆಗೆ.

ಊರಿನವರೂ ನಕ್ಕರು. ನಮಗೆ ಹೊಸಪೇಟೆ ಎಂದರೆ ಬೆಳಿಗ್ಗೆ ಹೋಗಿ ದವಾಖಾನೆ, ಬಟ್ಟೆ ಅಂಗಡಿ ಎಲ್ಲ ಮುಗಿಸಿಕೊಂಡು ಮಧ್ಯಾಹ್ನದ ಊಟಕ್ಕೆ ವಾಪಸ್ ಬರುವ ಊರು. ಅದೂ ಅಲ್ಲದೆ ನಾವು ನೋಡಬೇಕೆಂದಿದ್ದ ಹಂಪಿ ದಾರಿಯಲ್ಲೇ ಸಿಗುತ್ತದೆ. "ಹಂಪಿ ದಾಟಿ ಹೋಗಿ, ಹೊಸಪ್ಯಾಟಿಯೊಳಗ ಮಲಗಿ, ತಿರುಗಿ ಹಂಪಿಗೆ ಬರ್ತಾರಂತ ನೋಡ್ರಿ" ಎಂದು ನಮ್ಮ ಓಣಿಯ ಹೆಂಗಸರು ಬಿದ್ದು ಬಿದ್ದು ನಕ್ಕರು. ನಗಲಿ ಬಿಡಿ. ನನ್ನ ಆಸೆ ಅವರಿಗೇನು ಗೊತ್ತು?

ನನ್ನ ಆಸೆ ಇಷ್ಟೇ. ಮದುವೆಯಾದಾಗಿನಿಂದ ನಾನು ಊರು ನೋಡಿಲ್ಲ ಎಂದೇನಲ್ಲ. ಬಳ್ಳಾರಿಗೆ ಹೋಗಿದ್ದೇನೆ, ಸಂಡೂರಿಗೆ ಹೋಗಿದ್ದೇನೆ, ಗಂಗಾವತಿಗೆ ಹೋಗಿದ್ದೇನೆ. ಆದರೆ ಹೋದಲ್ಲೆಲ್ಲ ನೆಂಟರ ಮನೆಯಲ್ಲಿ ಉಳಿದಿದ್ದೇವೆ. ನೆಂಟರ ಮನೆ ಎಂದರೆ ಗಂಡಸರಿಗೆ ಹಾಸಿಗೆ, ಮಕ್ಕಳಿಗೆ ಆಟ, ಸೊಸೆಯಾದವಳಿಗೆ ಒಲೆ. ಕೋಳಿ ಕೂಗುವ ಹೊತ್ತಿಗೆ ಎದ್ದು ಅವರ ಅಡುಗೆಮನೆಯಲ್ಲಿ ಅವರ ಹಿಟ್ಟು ನಾದಿ ರೊಟ್ಟಿ ಬಡಿಯಬೇಕು. ಸುಮ್ಮನೆ ಕುಳಿತರೆ "ಮೆಟ್ರಿ ಸೊಸಿ ಭಾಳ ನಾಜೂಕು" ಎಂಬ ಮಾತು ಬರುತ್ತದೆ. ಒಂದೇ ಒಂದು ಬೆಳಿಗ್ಗೆ, ಕಣ್ಣು ಬಿಟ್ಟಾಗ ಯಾರ ಒಲೆಯೂ ನನಗಾಗಿ ಕಾಯುತ್ತಿರಬಾರದು. ಅದಕ್ಕೇ ನನಗೆ ಹೋಟೆಲ್ ಬೇಕಿತ್ತು.

ಮಗಳು ಸಿಂಧುವಿಗೆ ಬೇರೆ ಆಸೆ. ಅವಳಿಗೆ ಲಿಫ್ಟ್ ಬೇಕಿತ್ತು. ಸಣ್ಣವನು ಪವನ್‌ಗೆ ಎ.ಸಿ. ಹಾಕಿಕೊಂಡು ಕಂಬಳಿ ಹೊದೆಯಬೇಕಿತ್ತು, ಅದೂ ನಮ್ಮ ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ. ನಮ್ಮ ಮನೆಯವರಿಗೆ ಏನು ಬೇಕಿತ್ತೋ ಗೊತ್ತಿಲ್ಲ, ಅವರು ಮಾತು ಕಡಿಮೆ. ಆದರೆ ಹೊರಡುವ ಹಿಂದಿನ ದಿನ ಕೇಳದೆಯೇ ಹೋಗಿ ಕ್ಷೌರ ಮಾಡಿಸಿಕೊಂಡು ಬಂದರು.

ಇನ್ನು ಅತ್ತೆ. ನಮ್ಮತ್ತೆ ಗಂಗಮ್ಮನನ್ನು ನೀವು ನೋಡಬೇಕು. ನಮ್ಮ ಮನೆ ಬಸ್ ನಿಲ್ಲುವ ಜಾಗಕ್ಕೆ ಹತ್ತಿರ. ಬಸ್ ಇಳಿದವರು ಯಾರೇ ಇರಲಿ, ಗುರುತಿರಲಿ ಬಿಡಲಿ, ಅತ್ತೆ ಕಟ್ಟೆಯ ಮೇಲಿಂದಲೇ "ಬರ್ರಿ, ಕುಂದ್ರಿ, ನೀರು ಕುಡೀರಿ" ಎನ್ನುತ್ತಾರೆ. ಕರೆಂಟ್ ಬಿಲ್ ಕೊಡುವವನು ಬಂದರೂ ಕುಂದ್ರಿ, ಪಾತ್ರೆ ಮಾರುವವಳು ಬಂದರೂ ಕುಂದ್ರಿ. ಒಮ್ಮೆ ಜಗಳಕ್ಕೆ ಬಂದವರನ್ನೂ ಮೊದಲು ಕೂರಿಸಿ, ನೀರು ಕೊಟ್ಟು, ಆಮೇಲೆ ಬೈದರು. ತಾವು ಬೇರೆಯವರ ಮನೆಗೆ ಹೋದಾಗಲೂ ಅದೇ ಲೆಕ್ಕ. ಬರಿಗೈಯಲ್ಲಿ ಹೋಗುವುದಿಲ್ಲ. ಆ ಮನೆಯ ಹೆಣ್ಣುಮಗಳು ಹೊಸ್ತಿಲಿಗೆ ಬಂದು ಬಾಯಿತುಂಬ ಕರೆಯುವ ತನಕ ಒಳಗೆ ಕಾಲಿಡುವುದಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗಳ ಮನೆಯಾದರೂ ಅಷ್ಟೇ.

ಈ ಸ್ವಭಾವ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೋಟೆಲ್‌ಗೆ ಹೊರಟಾಗ ಇದು ನೆನಪಾಗಲೇ ಇಲ್ಲ ನೋಡಿ. ಹೊರಡುವ ಸಡಗರದಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. ಎರಡು ಮೂರು ದಿನಕ್ಕಾಗುವಷ್ಟು ಒಣಗಿಸಿದ ಜೋಳದ ಕಟಿ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ, ಅತ್ತೆಯ ಕೌದಿ, ಮಕ್ಕಳ ಬಟ್ಟೆ, ಎಲ್ಲ ಕಟ್ಟಿದೆ. ಅತ್ತೆಯ ಕೈಯಲ್ಲಿ ಪ್ರತ್ಯೇಕ ಒಂದು ಬಟ್ಟೆ ಚೀಲ ಇತ್ತು. ಅದರಲ್ಲೇನಿದೆ ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ.

ಬಸ್ಸಿನಲ್ಲಿ ಒಂದು ಫಜೀತಿ ಇತ್ತು. ಹೊಸಪೇಟೆಗೆ ಮೊದಲು ಮಲಪನಗುಡಿ ಸಿಗುತ್ತದೆ. ಅಲ್ಲಿ ನಮ್ಮ ಮನೆಯವರ ದೊಡ್ಡಪ್ಪನ ಮಗಳು ಶಾಂತಕ್ಕ ಇದ್ದಾರೆ. ಹತ್ತಿರದಲ್ಲಿ ಅಕ್ಕನ ಮನೆ ಇಟ್ಟುಕೊಂಡು ಹೋಟೆಲ್‌ನಲ್ಲಿ ಮಲಗುವುದೆಂದರೆ ನಮ್ಮ ಕಡೆ ಅದು ಸಣ್ಣ ತಪ್ಪಲ್ಲ, ವರ್ಷಗಟ್ಟಲೆ ಮಾತು ಬಿಡುವಂಥ ತಪ್ಪು. ಹಾಗಾಗಿ ಮಲಪನಗುಡಿ ಬರುತ್ತಿದ್ದಂತೆ ನಾನು ಸೆರಗನ್ನು ಮುಖದ ತನಕ ಎಳೆದುಕೊಂಡೆ. ನಮ್ಮ ಮನೆಯವರು ಚಪ್ಪಲಿ ಹುಡುಕುವವರಂತೆ ಸೀಟಿನ ಕೆಳಗೆ ಬಗ್ಗಿದರು. ಅತ್ತೆ ಮಾತ್ರ ಕಿಟಕಿಯಿಂದ ತಲೆ ಹೊರಹಾಕಿ ನಿಲ್ದಾಣದಲ್ಲಿ ಗುರುತಿನವರು ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿದ್ದರು. ಬಸ್ ಹೊರಡುವ ತನಕ ನನ್ನ ಜೀವ ಕೈಯಲ್ಲಿತ್ತು.

ಹೊಸಪೇಟೆಯಲ್ಲಿ ಬಸ್ಸಿಳಿದು ಆಟೋ ಹಿಡಿದು ಹೋಟೆಲ್ ಮುಂದೆ ನಿಂತಾಗ ಮಕ್ಕಳ ಬಾಯಿ ತೆರೆದದ್ದು ಮುಚ್ಚಲಿಲ್ಲ. ನನ್ನದೂ ಅಷ್ಟೇ. ಹೊಳೆಯುವ ಕಲ್ಲಿನ ಮೆಟ್ಟಿಲು, ಅಕ್ಕಪಕ್ಕ ಹೂಕುಂಡ, ಮೇಲೆ ದೊಡ್ಡ ಗಾಜಿನ ಬಾಗಿಲು. ನಾವು ಹತ್ತಿರ ಹೋದದ್ದೇ ತಡ, ಬಾಗಿಲು ತಾನೇ ಸರಿದು ತೆರೆದುಕೊಂಡಿತು. ಒಳಗಿನಿಂದ ತಣ್ಣಗಿನ ಗಾಳಿ ಮುಖಕ್ಕೆ ಬಡಿಯಿತು. ಪವನ್ ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಒಳಗೆ ಹೋಗಿ ಬಾಗಿಲನ್ನು ಪರೀಕ್ಷೆ ಮಾಡತೊಡಗಿದ. ಸಿಂಧು ನೇರವಾಗಿ ಲಿಫ್ಟ್ ಹತ್ತಿರ ಓಡಿ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ನಿಂತಳು.

ಕೌಂಟರಿನ ಹಿಂದೆ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಯೂನಿಫಾರ್ಮ್ ಸೀರೆ, ಎದೆಯ ಮೇಲೆ ರೇಣುಕಾ ಎಂಬ ಹೆಸರಿನ ಪಟ್ಟಿ. ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಯಾರೊಂದಿಗೋ ಇಂಗ್ಲಿಷಿನಲ್ಲಿ ಮಾತಾಡುತ್ತಲೇ ನಮ್ಮ ಮನೆಯವರಿಂದ ಆಧಾರ್ ಕಾರ್ಡ್ ತೆಗೆದುಕೊಂಡಳು. ತಲೆ ಎತ್ತಲು ಅವಳಿಗೆ ಪುರುಸೊತ್ತಿರಲಿಲ್ಲ. ಅವಳನ್ನು ನಾನು ದೂರುವುದಿಲ್ಲ. ಆ ಹೊತ್ತಿನಲ್ಲಿ ಅಲ್ಲಿ ಎರಡು ಫೋನು ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಎಲ್ಲಿ ಎಂದು ತಿರುಗಿ ನೋಡಿದೆ. ಅತ್ತೆ ಹೊಸ್ತಿಲಲ್ಲೇ ನಿಂತಿದ್ದರು. ಅವರು ನಿಂತದ್ದರಿಂದ ಗಾಜಿನ ಬಾಗಿಲು ಮುಚ್ಚಲು ಬರುತ್ತಿತ್ತು, ಅವರನ್ನು ಕಂಡು ಹಿಂದೆ ಸರಿಯುತ್ತಿತ್ತು, ಮತ್ತೆ ಬರುತ್ತಿತ್ತು. ಅತ್ತೆ ಅದರ ಹಿಂದೆ ಮುಂದೆ ಇಣುಕಿ ನೋಡುತ್ತಿದ್ದರು. ಬಾಗಿಲು ತೆರೆದವರು ಯಾರೆಂದು ಹುಡುಕುತ್ತಿದ್ದಾರೆ ಎಂದು ನನಗೆ ಆಗ ಹೊಳೆಯಿತು.

ನಾನು ಓಡಿಹೋಗಿ ಬನ್ನಿ ಎಂದು ಕೈ ಹಿಡಿದೆ. ನೀನೂ ನನ್ನಂಗ ಬಂದಾಕಿ, ನೀ ಕರದ್ರ ಹೆಂಗ ಆಗ್ತೈತಿ ಎಂದು ಕೈ ಬಿಡಿಸಿಕೊಂಡರು. ಆಮೇಲೆ ಹೊಸ್ತಿಲಲ್ಲಿ ನಿಂತೇ ರೇಣುಕಾಳನ್ನು ಕೂಗಿ ಕೇಳಿದರು, "ಯವ್ವಾ, ಈ ಮನಿ ಹೆಣ್ಮಗಳು ಎಲ್ಲಿ ಅದಾರ?"

ಅವಳು ಫೋನಿಗೆ ಕೈ ಮುಚ್ಚಿ, "ಇದು ಹೋಟೆಲ್ ರೀ ಅಜ್ಜಿ, ಮನೆ ಅಲ್ಲ" ಎಂದಳು.

ಅತ್ತೆ ಅಷ್ಟಕ್ಕೇ ಬಿಡುವವರಲ್ಲ. ಕೈಯಲ್ಲಿದ್ದ ಬಟ್ಟೆ ಚೀಲ ಬಿಚ್ಚಿ ಅಲ್ಲಿಂದಲೇ ಕೌಂಟರಿನ ಕಡೆ ಚಾಚಿ ಹಿಡಿದರು. ಆಗ ನನಗೆ ಅದರಲ್ಲಿ ಏನಿತ್ತೆಂದು ಕಂಡಿತು. ನಮ್ಮ ಹೊಲದ ಹೊಸ ಅಕ್ಕಿ, ಒಂದು ಬೆಲ್ಲದ ಉಂಡೆ, ಒಂದು ಚಿಪ್ಪು ಬಾಳೆಹಣ್ಣು. ಹೋಟೆಲ್‌ನವರಿಗೆ ಕಾಣಿಕೆ. ರೂಮು ಹಿಡಿದು ಬಂದವರು ಹೋಟೆಲ್‌ಗೆ ಅಕ್ಕಿ ತಂದದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ರೇಣುಕಾ ಫೋನಿನಲ್ಲಿ ಮಾತಾಡುತ್ತಲೇ ಚೀಲದ ಕಡೆ ಒಮ್ಮೆ ಕಣ್ಣು ಹಾಯಿಸಿ, ಗೋಡೆಯ ಮೇಲಿನ ಬೋರ್ಡ್ ತೋರಿಸಿದಳು. "ಹೊರಗಿನ ತಿಂಡಿ ಒಳಗೆ ಅಲೋ ಇಲ್ಲ ಮ್ಯಾಮ್. ವಾಪಸ್ ಇಟ್ಕೊಳ್ಳಿ."

ಅತ್ತೆಯ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಚೀಲದ ಬಾಯಿಯನ್ನು ಮೊದಲಿನಂತೆಯೇ ಗಂಟು ಹಾಕಿದರು. ಹಿಂದೆ ಸರಿದು ಮೇಲಿನ ಮೆಟ್ಟಿಲ ಮೇಲೆ, ಹೂಕುಂಡದ ಪಕ್ಕ, ಕುಳಿತುಬಿಟ್ಟರು.

ನಮ್ಮ ಮನೆಯವರು ಹೋಗಿ ಕರೆದರು. ಬರಲಿಲ್ಲ. ಪವನ್ ಹೋಗಿ ಸೆರಗು ಹಿಡಿದು ಎಳೆದ. ಅವನ ತಲೆ ಸವರಿದರು, ಏಳಲಿಲ್ಲ. ಸಿಟ್ಟೇನೂ ಇರಲಿಲ್ಲ ಅವರಿಗೆ. ಸಿಟ್ಟಿದ್ದರೆ ಚೆನ್ನಾಗಿತ್ತು, ಬೈದು ಮುಗಿಸುತ್ತಿದ್ದರು. ತಣ್ಣಗೆ ಮಗನಿಗೆ ಹೇಳಿದರು, "ಬಾ ಅನ್ನೋರಿಲ್ಲ, ತಂದದ್ದು ತಗೊಳ್ಳೋರಿಲ್ಲ. ಹಂಗ ಹೊಕ್ಕು ಮಲಗಾಕ ನಾವೇನು ಕಳ್ಳರೇನೋ? ಮಲಪನಗುಡಿಗೆ ಹೋಗೂನು ನಡಿ. ಶಾಂತಾ ಬಾಗಿಲಿಗೆ ಬಂದು ಕರೀತಾಳ."

ನಮ್ಮ ಮನೆಯವರು ತಾಯಿಯ ಮಾತಿಗೆ ಎದುರಾಡಿದವರಲ್ಲ. ಒಂದು ಕ್ಷಣ ನನ್ನ ಕಡೆ ನೋಡಿದರು, ಆಮೇಲೆ ಜೇಬಿನಿಂದ ಫೋನು ತೆಗೆದರು. ಶಾಂತಕ್ಕನ ನಂಬರ್ ಹುಡುಕುತ್ತಿದ್ದಾರೆಂದು ಅವರ ಬೆರಳು ನೋಡಿಯೇ ತಿಳಿಯಿತು. ನನ್ನ ಕಣ್ಣ ಮುಂದೆ ಶಾಂತಕ್ಕನ ಅಡುಗೆಮನೆ ಬಂತು. ಆ ರೊಟ್ಟಿ ಹಂಚು, ಆ ಹಿಟ್ಟಿನ ಡಬ್ಬಿ, ಹೊಗೆ ಹಿಡಿದ ಆ ಕಿಟಕಿ. ಅಯ್ಯೋ ಶಿವನೇ, ಇಲ್ಲಿ ತನಕ ಬಂದು, ತಣ್ಣಗಿನ ಗಾಳಿ ಮುಖಕ್ಕೆ ಬಡಿಸಿಕೊಂಡು, ನಾಳೆ ಬೆಳಿಗ್ಗೆ ಮತ್ತೆ ಹಿಟ್ಟು ನಾದುವುದೇ? ಲಿಫ್ಟ್ ಬಳಿ ಸಿಂಧು ಅಳು ಬಾರದ ಹಾಗೆ ತುಟಿ ಕಚ್ಚಿಕೊಂಡಿದ್ದಳು. ಲಿಫ್ಟ್ ಬಂದು ಬಾಗಿಲು ತೆರೆದುಕೊಂಡು, ಯಾರೂ ಹತ್ತದೆ ಮುಚ್ಚಿಕೊಂಡು ಹೋಗುತ್ತಿತ್ತು.

ಅಷ್ಟರಲ್ಲಿ ಟೈ ಕಟ್ಟಿದ ಮ್ಯಾನೇಜರ್ ಬಂದರು. ಮುದುಕಿಯೊಬ್ಬರು ಮೆಟ್ಟಿಲ ಮೇಲೆ ಕುಳಿತಿರುವುದನ್ನು ಕಂಡು ಗಾಬರಿಯಾಗಿ, ರೂಮು ಹಿಡಿಸಲಿಲ್ಲವೇ ಎಂದು ಕೇಳಿದರು. ರೂಮನ್ನು ನಾವಿನ್ನೂ ನೋಡಿಯೇ ಇರಲಿಲ್ಲ. ಬೆಟ್ಟ ಕಾಣುವ ಕಡೆಯ ರೂಮು ಕೊಡುತ್ತೇವೆ ಎಂದರು. ಟ್ರೇಯಲ್ಲಿ ಕಿತ್ತಳೆ ಬಣ್ಣದ ಜ್ಯೂಸ್ ತರಿಸಿದರು. ಅತ್ತೆ ಕೈ ಮುಗಿದು ಬ್ಯಾಡ್ರಿ ಎಂದರು. ಅವರು ಬ್ಯಾಡ ಎಂದಷ್ಟೂ ಮ್ಯಾನೇಜರ್ ಇನ್ನೂ ದೊಡ್ಡ ರೂಮು ಕೊಡಲು ಮುಂದಾಗುತ್ತಿದ್ದರು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಇಡೀ ಮಹಡಿಯನ್ನೇ ಬರೆದುಕೊಡುತ್ತಿದ್ದರೋ ಏನೋ.

ನನಗೆ ಇನ್ನು ತಡೆಯಲಾಗಲಿಲ್ಲ. ನಾಚಿಕೆ ಎಲ್ಲ ಬದಿಗಿಟ್ಟು ನೇರವಾಗಿ ರೇಣುಕಾಳ ಬಳಿ ಹೋದೆ. ಅವಳು ಅದೇ ಆಗ ಫೋನು ಇಟ್ಟಿದ್ದಳು. ತಂಗೀ, ಇದು ಕಂಪ್ಲೇಂಟ್ ಅಲ್ಲ, ರೂಮಿನ ಮಾತೂ ಅಲ್ಲ ಎಂದೆ. ನಮ್ಮತ್ತೆಗೆ ಈ ಮನೆಯ ಹೆಣ್ಣುಮಗಳು ಯಾರಾದರೂ ಬಾಯಿತುಂಬ ಬರ್ರಿ ಎನ್ನಬೇಕು, ಆ ಚೀಲದಲ್ಲಿರುವುದು ತಿಂಡಿಯಲ್ಲ, ನಿಮಗೇ ತಂದದ್ದು, ನೀವು ಕರೆಯದಿದ್ದರೆ ನಮ್ಮ ಪ್ರವಾಸ ಈ ಮೆಟ್ಟಿಲಿನಲ್ಲೇ ಮುಗಿಯುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಅಲ್ಲಿಯ ತನಕ ಮ್ಯಾಮ್, ಅಲೋ ಇಲ್ಲ ಎನ್ನುತ್ತಿದ್ದವಳ ಮಾತೇ ಬದಲಾಯಿತು. ತಾನು ಸಂಡೂರು ಕಡೆಯ ಕುರೆಕುಪ್ಪದವಳು, ಗಂಡ ಕಾರ್ಖಾನೆಯಲ್ಲಿ ಶಿಫ್ಟ್ ಮೇಲೆ ಕೆಲಸ ಮಾಡುತ್ತಾನೆ ಎಂದಳು. ಒಮ್ಮೆ ಅವಳ ತಾಯಿ ಹೇಳದೆ ಕೇಳದೆ ಮಗಳನ್ನು ನೋಡಲು ಬಂದಿದ್ದರಂತೆ. ಪಕ್ಕದ ಮನೆಯವರ ಹತ್ತಿರ ಬೀಗದ ಕೈ ಇತ್ತು, ಅವರು ತೆಗೆದುಕೊಡುತ್ತೇವೆ ಎಂದರೂ ಒಳಗೆ ಹೋಗದೆ, ಮಗಳು ಡ್ಯೂಟಿ ಮುಗಿಸಿ ಬರುವ ತನಕ ಬಾಗಿಲ ಮುಂದೆ ಬಿಸಿಲಿನಲ್ಲೇ ಕುಳಿತಿದ್ದರಂತೆ. "ನಮ್ಮವ್ವಂದೂ ಇದ ಹಣೆಬರಹ ರೀ ಅಕ್ಕಾ" ಎಂದು ಕುರ್ಚಿಯಿಂದ ಎದ್ದಳು. ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ಅವಳು ತಿರುಗಿ ನೋಡಲಿಲ್ಲ.

ಕೌಂಟರಿನ ಮೇಲಿದ್ದ ಗಾಜಿನ ಜಗ್ಗಿನಲ್ಲಿ ನೀರು ತುಂಬಿಕೊಂಡು ಹೊರಗೆ ಹೋದಳು. ಅತ್ತೆಯ ಮುಂದೆ ಬಗ್ಗಿ ನಿಂತು, ನಮ್ಮ ಓಣಿಯ ಯಾವ ಹೆಣ್ಣುಮಗಳಾದರೂ ಹೇಳುವ ಹಾಗೆಯೇ ಹೇಳಿದಳು. "ಬರ್ರಿ ಅಮ್ಮಾ, ಒಳಗ ಬರ್ರಿ. ಬಿಸಲಾಗ ಬಂದೀರಿ. ಕಾಲಿಗೆ ನೀರು ತಂದೀನಿ."

ಅತ್ತೆ ತಲೆ ಎತ್ತಿ ಅವಳನ್ನು ಮೇಲಿಂದ ಕೆಳಗಿನ ತನಕ ನೋಡಿದರು. "ನಿಂದೇನವ್ವಾ ಈ ಮನಿ?"

ರೇಣುಕಾ ಒಳಗೆ ನಿಂತಿದ್ದ ಮ್ಯಾನೇಜರ್ ಕಡೆ ಒಮ್ಮೆ ನೋಡಿದಳು. ಆಮೇಲೆ, "ಮುಂಜಾನಿಂದ ಸಂಜಿತನ ನಂದ ರೀ" ಎಂದಳು.

ಅತ್ತೆಯ ಮುಖ ಅರಳಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಎದ್ದು ಹೂಕುಂಡದ ಪಕ್ಕದಲ್ಲಿ ಕಾಲು ತೊಳೆದುಕೊಂಡರು. ಚೀಲ ಬಿಚ್ಚಿ ಅಕ್ಕಿ, ಬೆಲ್ಲ, ಬಾಳೆಹಣ್ಣು ತೆಗೆದರು. ರೇಣುಕಾ ಯೂನಿಫಾರ್ಮ್ ಸೀರೆಯ ಪಿನ್ನು ತೆಗೆದು, ಸೆರಗೊಡ್ಡಿ ಎಲ್ಲವನ್ನೂ ಇಸಿದುಕೊಂಡಳು. ಆಮೇಲೆ ನಮ್ಮತ್ತೆ ತಲೆ ಮೇಲೆ ಸೆರಗು ಸರಿಮಾಡಿಕೊಂಡು, ಬಲಗಾಲು ಮುಂದಿಟ್ಟು ಹೋಟೆಲ್ ಹೊಕ್ಕರು. ಗಾಜಿನ ಬಾಗಿಲು ಈ ಸಲವೂ ತಾನೇ ತೆರೆಯಿತು, ಆದರೆ ಅತ್ತೆ ಅದರ ಕಡೆ ನೋಡಲಿಲ್ಲ. ಒಳಗೆ ಹೋಗಿ ಮ್ಯಾನೇಜರ್‌ನ ಟ್ರೇಯಿಂದ ಜ್ಯೂಸ್ ಲೋಟ ತೆಗೆದುಕೊಂಡು ಗಟಗಟ ಕುಡಿದು, "ಭಾಳ ಸಕ್ರಿ ಹಾಕ್ಯಾರ" ಎಂದರು. ನಮ್ಮ ಮನೆಯವರು ಫೋನು ಜೇಬಿಗಿಟ್ಟರು. ಅಲ್ಲಿಗೆ ನನ್ನ ಉಸಿರು ತಿರುಗಿ ಬಂತು.

ಆಮೇಲಿನ ಸಂಭ್ರಮ ಏನು ಹೇಳಲಿ! ಸಿಂಧು ಲಿಫ್ಟ್‌ನಲ್ಲಿ ಮೇಲೆ ಕೆಳಗೆ ಎಷ್ಟು ಸಲ ಓಡಾಡಿದಳೋ ಲೆಕ್ಕವಿಲ್ಲ. ಅತ್ತೆ ಮೊದಲ ಸಲ ಲಿಫ್ಟ್ ಹತ್ತಿದಾಗ ಗೋಡೆಗೆ ಒರಗಿ ಕಣ್ಣು ಮುಚ್ಚಿ ಶಿವಶಿವಾ ಎಂದರು. ಬಾಗಿಲು ತೆರೆದಾಗ ಬೇರೆಯೇ ಮನೆ ಬಂದಂತಾಗಿ, ನಾವು ನಡೆಯಲೇ ಇಲ್ಲವಲ್ಲ, ಎಲ್ಲಿಗೆ ಬಂದೆವು ಎಂದು ಬೆರಗಾದರು. ರೂಮಿನ ಬಾಗಿಲಿಗೆ ಕೀಲಿಯೇ ಇಲ್ಲ, ಒಂದು ಕಾರ್ಡ್ ಮುಟ್ಟಿಸಿದರೆ ಸಾಕು. ಅದನ್ನೇ ಗೋಡೆಯ ಡಬ್ಬಿಯಲ್ಲಿಟ್ಟರೆ ಲೈಟು ಹತ್ತುತ್ತದೆ. ಪವನ್ ಅದನ್ನು ತೆಗೆದು ಇಟ್ಟು, ತೆಗೆದು ಇಟ್ಟು, ನಮ್ಮೂರಿನ ಕರೆಂಟಿನ ಹಾಗೆ ಮಾಡಿಟ್ಟ.

ಹಾಸಿಗೆಯ ಮೇಲೆ ಟವೆಲ್ಲನ್ನು ಮಡಚಿ ಹಂಸದ ಹಾಗೆ ಮಾಡಿಟ್ಟಿದ್ದರು. ಮಕ್ಕಳು ಅದನ್ನು ಮುಟ್ಟಲು ಬಿಡಲಿಲ್ಲ. ಅಲ್ಲಿದ್ದಷ್ಟು ದಿನ ನಾವೆಲ್ಲ ಮನೆಯಿಂದ ತಂದ ಒಂದೇ ಪಂಚೆಯಲ್ಲಿ ಮೈ ಒರೆಸಿಕೊಂಡೆವು. ಹಾಸಿಗೆ ಎಷ್ಟು ಬೆಳ್ಳಗಿತ್ತೆಂದರೆ ಅತ್ತೆ ಅದರ ಮೇಲೆ ಕೂರಲಿಲ್ಲ, ನಮ್ಮ ಕೆಮ್ಮಣ್ಣಿನ ಕಾಲಿಗೆ ಯಾರದೋ ಹಾಸಿಗೆ ಯಾಕೆ ಹಾಳು ಎಂದು ನೆಲದ ಮೇಲೆ ಕೌದಿ ಹಾಸಿಕೊಂಡರು. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ಕಸಬರಿಗೆ ಎಲ್ಲಿದೆ ಎಂದು ಮೂಲೆಮೂಲೆ ಹುಡುಕಿದರು. ಸಿಗಲಿಲ್ಲ. ಅಡುಗೆಮನೆ ಹುಡುಕಿದರು. ಅದೂ ಇರಲಿಲ್ಲ. ಇಷ್ಟು ದೊಡ್ಡ ಮನೆ ಕಟ್ಟಿ ಒಂದು ಒಲೆ ಹಾಕಿಸಲಿಲ್ಲವಲ್ಲ ಎಂದು ಅವರಿಗೆ ಪೇಚು. ನಾನು ಮಾತ್ರ ಬೆಳ್ಳನೆಯ ಹಾಸಿಗೆಯ ಮೇಲೆ ಕೈಕಾಲು ಚೆಲ್ಲಿ ಬಿದ್ದುಕೊಂಡು, ಒಲೆಯಿಲ್ಲದ ಆ ಮನೆಯನ್ನು ಕಣ್ತುಂಬ ನೋಡಿದೆ. ಕಿಟಕಿಯಾಚೆ ಸಂಡೂರಿನ ಕಡೆಯ ಬೆಟ್ಟ ಬಿಸಿಲಿಗೆ ಕೆಂಪಗೆ ಕಾಣುತ್ತಿತ್ತು. ಮಸ್ತ್ ಅನಿಸಿತು.

ಸಂಜೆ ನೆಲದ ಮೇಲೆ ಕುಳಿತು ರೊಟ್ಟಿ ಗಂಟು ಬಿಚ್ಚಿದೆವು. ಹೊರಗಿನ ತಿಂಡಿ ಬೇಡ ಎಂಬ ಬೋರ್ಡ್ ನನಗೆ ನೆನಪಿತ್ತು, ಬಾಗಿಲು ಹಾಕೋಣ ಎಂದೆ. ಅತ್ತೆ ಒಪ್ಪಲಿಲ್ಲ. ಉಣ್ಣುವಾಗ ಬಾಗಿಲು ಹಾಕಿಕೊಳ್ಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ ಎಂದರು. ಮೊದಲ ತಟ್ಟೆ ರೇಣುಕಾಳಿಗೆ ಹೋಯಿತು. ಅವಳು ಡ್ಯೂಟಿ ಮುಗಿಸಿ ಹೊರಟವಳು ಅದನ್ನು ಡಬ್ಬಿಗೆ ಹಾಕಿಕೊಂಡು ಹೋದಳೆಂದು ಸಿಂಧು ಬಂದು ಹೇಳಿದಳು. ಲಿಫ್ಟ್ ಹತ್ತಲು ಅವಳಿಗೆ ಅದೊಂದು ನೆಪ.

ಅದೇ ಹೊತ್ತಿಗೆ ಎದುರಿನ ರೂಮಿಗೆ ಬೆಂಗಳೂರಿನಿಂದ ಒಂದು ಕುಟುಂಬ ಬಂತು. ಗಂಡ, ಹೆಂಡತಿ, ಹೆಗಲ ಮೇಲೆ ಅಳುವ ಕೂಸು, ಚಕ್ರದ ಪೆಟ್ಟಿಗೆಗಳು. ಅವರ ಕಾರ್ಡ್ ಕೆಲಸ ಮಾಡುತ್ತಿರಲಿಲ್ಲ, ಬಾಗಿಲು ತೆರೆಯುತ್ತಿರಲಿಲ್ಲ. ಗಂಡ ಕೆಳಗೆ ಓಡಿದ. ದಣಿದ ಹೆಂಡತಿ ಗೋಡೆಗೆ ಒರಗಿ ನಿಂತಳು. ಅತ್ತೆ ಕೌದಿಯ ಮೇಲಿಂದ ಎದ್ದು ನಮ್ಮ ರೂಮಿನ ಹೊಸ್ತಿಲಿಗೆ ಹೋಗಿ, ಮೆಟ್ರಿಯ ಕಟ್ಟೆಯ ಮೇಲೆ ನಿಂತಂತೆಯೇ ನಿಂತು, "ಬರ್ರಿ, ಕುಂದ್ರಿ, ನೀರು ಕುಡೀರಿ" ಎಂದರು. ಆ ಹೆಣ್ಣುಮಗಳು ಬೆಚ್ಚಿ ಅತ್ತೆಯನ್ನೂ ರೊಟ್ಟಿಯನ್ನೂ ನೋಡಿದಳು. ಹೋಟೆಲ್‌ನಲ್ಲಿ ಹೀಗೂ ಒಂದು ಸೇವೆ ಇದೆಯೇ ಎಂದುಕೊಂಡಳೋ ಏನೋ. ಆದರೆ ಬಂದಳು. ಅವಳ ಗಂಡ ಕಾರ್ಡ್ ಸರಿಮಾಡಿಸಿಕೊಂಡು ಬರುವ ಹೊತ್ತಿಗೆ ಕೂಸು ಅತ್ತೆಯ ಕಾಲ ಮೇಲೆ ಮಲಗಿತ್ತು, ಅವಳು ಕೆಂಪು ಖಾರ ನೆಕ್ಕಿ ಕಣ್ಣಲ್ಲಿ ನೀರು ತುಂಬಿಕೊಂಡು ಇನ್ನೊಂದು ರೊಟ್ಟಿ ಕೇಳುತ್ತಿದ್ದಳು. ನಾನು ನಗು ತಡೆಯಲಾರದೆ ಬಾತ್‌ರೂಮಿಗೆ ಓಡಿದೆ.

ಅವರು ಹೋದ ಮೇಲೆ ಅತ್ತೆ ಖುಷಿಯಾಗಿ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರು. ನಾನು ಸುಮ್ಮನಿರಲಾರದೆ, ಅತ್ತಿ, ಮಧ್ಯಾಹ್ನ ನೀವು ಹಾಗೆ ಕುಳಿತಾಗ ನನ್ನ ಜೀವ ಬಾಯಿಗೆ ಬಂದಿತ್ತು, ಆ ಹುಡುಗಿ ಕರೆಯದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಅತ್ತೆ ತಮಾಷೆ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಅಡಿಕೆ ಜಗಿಯುತ್ತ, ನನ್ನ ಕಡೆ ನೋಡದೆಯೇ ಹೇಳಿದರು.

"ಮದುವಿಯಾಗಿ ಬಂದಾಗ ನಮ್ಮತ್ತಿ ಒಮ್ಮೆ ಒಳಗ ಬಾರವ್ವಾ ಅಂದಿದ್ಲು. ಅದರ ಮ್ಯಾಲ ಆ ಮನಿಯೊಳಗ ನಾನ ಕರಿಯಾಕಿ ಆದೆ. ನನ್ನ ಕರಿಯೋರು ಯಾರದಾರ? ಬ್ಯಾರೇದವ್ರ ಮನಿಗೆ ಹೋದಾಗ ಕರದ್ರ, ಒಂದೀಟು ಹಿತ ಅನಸ್ತೈತಿ."

ನನಗೆ ಅಂದು ಅದು ಪೂರ್ತಿ ತಿಳಿಯಲಿಲ್ಲ. ಮಕ್ಕಳು ಎ.ಸಿ. ಹಾಕಿ, ಗಲ್ಲದ ತನಕ ಕಂಬಳಿ ಹೊದ್ದು, ಚಳಿ ಚಳಿ ಎಂದು ಕೇಕೆ ಹಾಕುತ್ತಿದ್ದರು.

ಬೆಳಿಗ್ಗೆ ನಾನು ಕಣ್ಣು ಬಿಟ್ಟಾಗ ಬಿಸಿಲು ಕಿಟಕಿಯಿಂದ ಒಳಗೆ ಬಂದಿತ್ತು. ನನಗಾಗಿ ಯಾವ ಒಲೆಯೂ ಕಾಯುತ್ತಿರಲಿಲ್ಲ. ಯಾರೋ ಕದ ತಟ್ಟಿ ಚಹಾ ಕೊಟ್ಟು ಹೋದರು. ಮಲಗಿದಲ್ಲೇ ಕುಡಿದೆ. ನೀವು ನಕ್ಕರೂ ಪರವಾಗಿಲ್ಲ, ಆ ಚಹಾದ ರುಚಿ ಇನ್ನೂ ನಾಲಿಗೆ ಮೇಲಿದೆ. ಅಂದು ಹಂಪಿ ನೋಡಿದೆವು, ಮಾರನೆಯ ದಿನ ಸಂಡೂರಿನ ಬೆಟ್ಟಕ್ಕೆ ಹೋಗಿ ಬಂದೆವು. ಅದೆಲ್ಲ ನಿಮಗೂ ಗೊತ್ತಿರುವುದೇ. ಹಂಪಿಯಲ್ಲಿ ದೊಡ್ಡ ಗುಡಿಯ ಗೋಪುರದ ಕೆಳಗೆ ಅತ್ತೆ ನಿಲ್ಲದೆ ಸರಸರ ಒಳಗೆ ಹೋದರು. ಇಲ್ಲಿ ಯಾರು ಕರೀಬೇಕು ಅಜ್ಜಿ ಎಂದು ಸಿಂಧು ಕೆಣಕಿದಳು. ಒಳಗಿರುವ ಶಿವ ಕರೆದದ್ದಕ್ಕೇ ನಾವು ಭೂಮಿಗೆ ಬಂದದ್ದಲ್ಲವೇ ಎಂದು ಅತ್ತೆ ಅವಳ ಕೆನ್ನೆ ಹಿಂಡಿದರು.

ಹೊರಡುವ ದಿನ ರೇಣುಕಾ ಅತ್ತೆಯ ಕಾಲು ಮುಟ್ಟಿದಳು. ಇನ್ನೊಂದು ದಿನ ಇದ್ದು ಹೋಗೋಣ ಎಂದು ಗೊಣಗಿದವರು ಯಾರು ಗೊತ್ತೇ? ನಮ್ಮತ್ತೆಯೇ. ಬಸ್ಸಿನಲ್ಲಿ ಮಲಪನಗುಡಿ ಬಂದಾಗ ಈ ಸಲ ಅವರೂ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಮೆಟ್ರಿಯಲ್ಲಿ ಇಳಿದಾಗ ಹೊತ್ತು ಇಳಿದಿತ್ತು. ಮನೆಗೆ ಬೀಗ. ಕಟ್ಟೆ ಖಾಲಿ. ನಮ್ಮ ಮನೆಯವರು ಬೀಗ ತೆಗೆದದ್ದೇ ತಡ, ಮಕ್ಕಳು ಚಪ್ಪಲಿ ಎಸೆದು ಟಿ.ವಿ. ಕಡೆ ಓಡಿದರು. ಇವರು ಪಕ್ಕದ ಮನೆಯವರಿಗೆ ಒಪ್ಪಿಸಿ ಹೋಗಿದ್ದ ಎಮ್ಮೆ ನೋಡಲು ಹಿತ್ತಲಿಗೆ ಹೋದರು. ನಾನೂ ಗಂಟು ಇಳಿಸಿ ಒಳಗೆ ಹೋದೆ. ಏನೋ ಅನಿಸಿ ತಿರುಗಿ ನೋಡಿದರೆ, ಅತ್ತೆ ಅಂಗಳದಲ್ಲಿ ಒಬ್ಬರೇ ನಿಂತು ಚಪ್ಪಲಿ ಬಿಡುತ್ತಿದ್ದರು. ಬಂದವರನ್ನೆಲ್ಲ ಕರೆಯುವ ಕಟ್ಟೆಯ ಮುಂದೆ, ದೂಳು ಹಿಡಿದ ಕಾಲಿನಲ್ಲಿ, ಖಾಲಿ ಚೀಲ ಹಿಡಿದುಕೊಂಡು. ಅವರು ಯಾರಿಗೂ ಕಾಯುತ್ತಿರಲಿಲ್ಲ. ತಮ್ಮ ಮನೆಗೆ ತಾವು ಬರಲು ಯಾರಿಗೆ ಕಾಯಬೇಕು? ಆದರೆ ಹೋಟೆಲ್ ರೂಮಿನಲ್ಲಿ ಅವರು ಹೇಳಿದ ಮಾತು ನನಗೆ ಆಗ, ಆ ಗಳಿಗೆಯಲ್ಲಿ, ಪೂರ್ತಿ ತಿಳಿಯಿತು.

ನಾನು ಓಡಿಹೋಗಿ ಕೊಡದಿಂದ ತಂಬಿಗೆಯಲ್ಲಿ ನೀರು ತುಂಬಿಕೊಂಡು ಹೊಸ್ತಿಲಿಗೆ ಬಂದು ನಿಂತೆ.

"ಬರ್ರಿ ಅತ್ತಿ, ಒಳಗ ಬರ್ರಿ. ಕುಂದ್ರಿ."

ಅತ್ತೆ ನನ್ನನ್ನೂ ತಂಬಿಗೆಯನ್ನೂ ನೋಡಿದರು. "ನನ್ನ ಮನಿಗೆ ನನ್ನ ಕರೀತೀಯಲ್ಲ, ಹುಚ್ಚಿ" ಎಂದು ನಕ್ಕರು. ನಕ್ಕರು, ಆದರೆ ತಂಬಿಗೆ ಇಸಿದುಕೊಂಡು ಕಾಲು ತೊಳೆದುಕೊಂಡರು. ತಲೆ ಮೇಲೆ ಸೆರಗು ಸರಿಮಾಡಿಕೊಂಡು, ಬಲಗಾಲು ಮುಂದಿಟ್ಟು ಒಳಗೆ ಬಂದರು. ಪಡಸಾಲೆಯಲ್ಲಿ ಬಂದವರಿಗೆಂದು ಇಟ್ಟಿರುವ ಕುರ್ಚಿಯ ಮೇಲೆ ಕುಳಿತರು. ನಾನು ಸೊಸೆಯಾಗಿ ಬಂದಾಗಿನಿಂದ ಅವರು ಆ ಕುರ್ಚಿಯ ಮೇಲೆ ಕುಳಿತದ್ದನ್ನು ನೋಡಿರಲಿಲ್ಲ. ಕುಳಿತು, ಕುಡಿಯಲು ನೀರು ಕೇಳಿದರು.

ಇದಾಗಿ ವರ್ಷವಾಗುತ್ತ ಬಂತು. ಈಗಲೂ ಅವರು ಹೊಲದಿಂದ ಬಂದರೂ ಗುಡಿಯಿಂದ ಬಂದರೂ ಅಂಗಳದಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ, ಚಪ್ಪಲಿ ಬಿಡುವ ನೆಪದಲ್ಲಿ. ಚಪ್ಪಲಿ ಬಿಡಲು ಅಷ್ಟು ಹೊತ್ತು ಯಾರಿಗೆ ಬೇಕು ಹೇಳಿ? ನನ್ನ ಕೈ ಹಿಟ್ಟಿನಲ್ಲಿದ್ದರೂ ಸರಿ, ನಾನು ಒಳಗಿನಿಂದಲೇ ಬಾಯಿತುಂಬ ಕೂಗುತ್ತೇನೆ. ಆಮೇಲೆ ಅವರು ಒಳಗೆ ಬರುತ್ತಾರೆ.